ರುಮಾಲಿನ ಚೂರು

ಕೈಗೆ ತಗುಲಿದ್ದು ಕುಳ್ಳಲ್ಲ, ಮೆತ್ತಗಿದೆ, ಸತ್ತ ಇಲಿಯೇನೋ, ಶಿವಶಿವಾ, ಇಲಿಯೂ ಅಲ್ಲ, ಅರಿವೆ — ಒಲೆಗೆಂದು ಹಿತ್ತಲಿನ ಕುಳ್ಳಿನ ರಾಶಿಗೆ ಕೈಹಾಕಿದ ಮಲ್ಲಕ್ಕ ಗಂಟನ್ನು ಹೊರಗೆಳೆದು ಬೆಳಕಿಗೆ ಹಿಡಿದಳು, ತೊಳೆದು ಒಣಗಿಸಿ ಮಡಿಚಿಟ್ಟ ಚೂರುಗಳು, ಎಷ್ಟು ತಿಕ್ಕಿದರೂ ಹೋಗದ ಕಂದು ಕಲೆ, ಹೆಣ್ಣಾದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ಸೊಸೆ ಗುರವ್ವ ಬಾಣಂತನಕ್ಕೆ ಕುಬಿಹಾಳದ ತವರಿಗೆ ಹೋಗಿದ್ದಾಳೆ, ತನಗಂತೂ ನಿಂತು ಯಾವ ಕಾಲವಾಯಿತೋ, ಮನೆಯಲ್ಲಿ ಉಳಿದ ಹೆಣ್ಣು ಒಂದೇ, ಮೊಮ್ಮಗಳು ನೀಲವ್ವ, ಒಂಬತ್ತನೇ ಇಯತ್ತೆ — ಅಯ್ಯ ನನ್ನವ್ವಾ, ಯಾವಾಗ ದೊಡ್ಡಾಕಿ ಆದಿ ನೀನು, ಯಾರಿಗೂ ಒಂದು ಮಾತು ಹೇಳದೆ, ಮತ್ತೆ ಈ ಕೆಂಪಂಚು ಎಲ್ಲಿಯದು, ಎಲ್ಲೋ ನೋಡಿದ ಹಾಗಿದೆಯಲ್ಲ, ಅಯ್ಯಯ್ಯ, ಮಗ ಶಂಭುಲಿಂಗನ ಹಳೇ ರುಮಾಲು! ಹೋದ ತಿಂಗಳು ಅವನು ಮನೆಯೆಲ್ಲ ಜಾಲಾಡಿದ್ದ, ನನ್ನ ಹಳೀ ರುಮಾಲ ಎಲ್ಲಿ ಹೋತ ಬೇ ಯವ್ವಾ, ಆಗ ಈಕೆ ಪುಸ್ತಕದಲ್ಲಿ ಇನ್ನಷ್ಟು ಮುಖ ಹುದುಗಿಸಿದ್ದಳು, ಕಳ್ಳಿ, ಅಪ್ಪನ ತಲೆಯ ಮೇಲಿನದನ್ನೇ ಹರಿದುಕೊಂಡಿದ್ದಾಳೆ, ನಗು ಬಂತು, ನಗುವಿನ ಬೆನ್ನಿಗೇ ನೆನಪಾಯಿತು, ಶಂಭುಲಿಂಗನಿಗೆ ಗೊತ್ತಾದರೆ ನಾಳೆಯಿಂದ ಸಾಲಿ ಬಂದ್.

ಮಾತು ಹಾಗೇ ಆಗಿತ್ತಲ್ಲ, ಅಣ್ಣಿಗೇರಿ ಹೈಸ್ಕೂಲಿನ ಜಮೀಲಾಬಿ ಅಕ್ಕೋರು ಉರಿಬಿಸಿಲಲ್ಲಿ ನಡೆದು ಬಂದು ಪಡಸಾಲೆಯಲ್ಲಿ ಕೂತಿದ್ದರು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಈಕಿ ಲೆಕ್ಕದಾಗ ಅಗದಿ ಶಾಣೇ ಅದಾಳ್ರಿ ಶಂಭುಲಿಂಗಪ್ಪಾರ, ಮ್ಯಾಟ್ರಿಕ್ ಮುಗಿಸಿ ಟ್ರೇನಿಂಗ್ ಮಾಡಿದ್ರ ನನ್ನಂಗ ಸಾಲ್ಯಾಗ ಕಲಸ್ತಾಳ್ರಿ, ದಿಲ್ಲ್ಯಾಗ ದೇಶಾ ಆಳಾಕಿ ಹೆಣ್ಣಮಗಳ ಅದಾಳಲ್ರಿ, ಮಗ ಮೀಸೆ ತಿರುವಿ, ದೊಡ್ಡಾಕಿ ಆಗೂತನಾ ಕಳಸ್ತೀನ್ರಿ ಅಕ್ಕೋರ, ಮುಂದಿಂದು ಕೇಳಬ್ಯಾಡ್ರಿ, ಬಾಗಿಲ ಮರೆಯಲ್ಲಿ ನಿಂತು ತಾನೂ ತಲೆಯಾಡಿಸಿದ್ದಳು, ಚಹಾದ ವಾಟಗ ಹಿಡಿದು ನಿಂತಿದ್ದ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿತ್ತು, ಕೇಳಿಸಿಕೊಂಡೇ ಬಚ್ಚಿಟ್ಟಿದೆ. ಹೊಟ್ಟಿ ಕಡಿತೈತಿ ಆಯಿ ಅಂದಾಗ ಹಸಿ ಕಡಲಿ ಯಾಕ ಮುಕ್ಕಿದಿ ಅಂತ ಬೈದೆನಲ್ಲ, ಕೂತಲ್ಲಿಂದ ಎದ್ದಾಗೆಲ್ಲ ಕತ್ತು ತಿರುಗಿಸಿ ಲಂಗದ ಹಿಂಭಾಗ ನೋಡಿಕೊಳ್ಳುತ್ತಿತ್ತು, ವಯ್ಯಾರ ನೋಡು ಇದರದು ಅಂದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕ. ಈ ದಿನಕ್ಕೆಂದೇ ಟ್ರಂಕಿನಲ್ಲಿ ಹಸಿರು ಇಳಕಲ್ ಸೀರೆ ಇಟ್ಟಿದ್ದೇನೆ, ಓಣಿಯ ಹೆಂಗಸರನ್ನೆಲ್ಲ ಕರೆದು ಆರತಿ ಎತ್ತಿಸಬೇಕು, ಕೊಬ್ಬರಿ ಬೆಲ್ಲ ತಿನ್ನಿಸಬೇಕು, ಒಬ್ಬಳೇ ಮೊಮ್ಮಗಳು, ಆಸೆ ಇರುವುದಿಲ್ಲವೇ, ಆದರೆ ಆರತಿ ಎತ್ತಿದ ಸಂಜೆಯೇ ಊರಿಗೆಲ್ಲ ಗೊತ್ತು — ತನಗೆ ಆರತಿ ಎತ್ತಿದ್ದು ನೆನಪಿದೆ, ಹಾಡು, ಹೂವು, ಸಂಭ್ರಮ, ಮುಂದಿನ ಅಮಾವಾಸ್ಯೆಗೆ ಗಂಡನ ಮನೆಯ ಒಲೆ ಮುಂದೆ, ಅಲ್ಲಿಂದ ಇವತ್ತಿನವರೆಗೆ ಒಲೆ ಮುಂದೆಯೇ. ಲಿಂಗ ಕಟ್ಟಿದವರಿಗೆ ಮುಟ್ಟುಚಟ್ಟು ಇಲ್ಲ ಅಂತ ಮಠದ ಸ್ವಾಮಿಗಳು ಹೇಳುತ್ತಾರೆ, ಆ ದಿನಗಳಲ್ಲೂ ಪೂಜೆ ಮಾಡಿದ್ದೇನೆ, ರೊಟ್ಟಿ ಬಡಿದಿದ್ದೇನೆ, ಎಲ್ಲರೂ ಉಂಡಿದ್ದಾರೆ, ಪೂಜೆಗಿಲ್ಲದ ಮುಟ್ಟು, ರೊಟ್ಟಿಗಿಲ್ಲದ ಮುಟ್ಟು, ಸಾಲಿಗೆ ಮಾತ್ರ ಎಲ್ಲಿಂದ ಬಂತು?

ಯವ್ವಾ — ಹಿತ್ತಲ ಬಾಗಿಲಲ್ಲಿ ಶಂಭುಲಿಂಗ, ಗಂಟು ಸೆರಗಿನೊಳಗೆ ಹೋಯಿತು, ಅವನು ನೆಲ ನೋಡುತ್ತಾನೆ, ತಲೆ ಕೆರೆಯುತ್ತಾನೆ, ಯಮನೂರ ಅಂದಾನೆಪ್ಪ ತನ್ನ ಮಗಗ ನಮ್ಮ ಹುಡುಗೀನ ಕೇಳಾಕತ್ತಾನ, ಹುಡುಗಿದು... ಏನರ ಆಗೈತೇನಬೇ, ನಿನಗ ಗೊತ್ತಿರತೈತಿ, ಮಲ್ಲಕ್ಕನ ಎದೆಯ ಮೇಲೆ ಕರಡಿಗೆ ಇದೆ, ಕರಡಿಗೆಯಲ್ಲಿ ಲಿಂಗ ಇದೆ, ಲಿಂಗದ ಬಾಜೂಕ ಅವನದೇ ರುಮಾಲಿನ ಚೂರು ಇದೆ, ಏನೂ ಆಗಿಲ್ಲೋ, ಇನ್ನೂ ಕೂಸ ಐತದು, ಆದ್ರ ನಾ ಹೇಳದಂಗ ಇರ್ತೀನೇನು, ಮ್ಯಾಟ್ರಿಕ್ ಆಗೂತನಾ ನಮ್ಮ ಮನಿ ಕಡೆ ಹಾಯಬ್ಯಾಡಂತ ಹೇಳ ಅವಗ, ಮಾತು ಇಷ್ಟು ಸಲೀಸಾಗಿ ಬಂದದ್ದಕ್ಕೆ ತನಗೇ ಆಶ್ಚರ್ಯ, ಮಗ ಹಗುರಾದ, ಹೋಗಲಿ ಬಿಡು ಹಂಗಾರ, ಇವನಿಗೂ ಕಳಿಸುವ ಮನಸ್ಸಿತ್ತೇ, ಯಾರಿಗೆ ಗೊತ್ತು, ಕೇಳಿದರೆ ಮೀಸೆ ಅಡ್ಡ ಬರುತ್ತದೆ. ಅವನು ಹೋದ ಮೇಲೆ ತನ್ನ ಹಳೇ ಸೀರೆ ಹರಿದಳು, ತೊಳೆತೊಳೆದು ಬೆಣ್ಣೆಯಂತಾದ ನೂಲು, ಮಡಿಚಿ ಅದೇ ಗಂಟಿನೊಳಗೆ ಸೇರಿಸಿ ಅದೇ ಜಾಗದಲ್ಲಿ ಇಟ್ಟಳು, ಸಿಕ್ಕಾಗ ತಿಳಿದುಕೊಳ್ಳುತ್ತಾಳೆ, ಶಾಣೇ ಇದ್ದಾಳಲ್ಲ.

ಹೋಗಿ ಬರ್ತೀನಿ ಆಯಿ, ಬುತ್ತಿಯಲ್ಲಿ ಇವತ್ತು ಕೊಬ್ಬರಿ ಬೆಲ್ಲ, ಯಾಕೆಂದು ಅವಳು ಕೇಳಲಿಲ್ಲ, ಎರಡು ಜಡೆ, ಹೆಗಲಿಗೆ ಪಾಟಿಚೀಲ, ಹೊರಗಟ್ಟೆಯಲ್ಲಿ ಶಂಭುಲಿಂಗ ತಂಬಾಕು ತಿಕ್ಕುತ್ತಿದ್ದಾನೆ, ಮಲ್ಲಕ್ಕ ಹೊಸ್ತಿಲಲ್ಲಿ, ಹುಡುಗಿ ಓಣಿ ದಾಟಿದಳು, ಬೇವಿನ ಗಿಡದ ಹತ್ತಿರ ನಿಂತಳು, ಯಾಕೆ ನಿಂತಳು, ಲಂಗವನ್ನು ಒಂದು ಬದಿಗೆ ಎಳೆದು ಕತ್ತು ತಿರುಗಿಸಿ ಹಿಂದೆ ನೋಡಿಕೊಳ್ಳುತ್ತಿದ್ದಾಳೆ, ಏನೂ ಇಲ್ಲ ನನ್ನವ್ವಾ, ಏನೂ ಕಾಣ್ಸೂದಿಲ್ಲ, ನಡಿ, ಕೂಗಿ ಹೇಳಬೇಕು, ಹೇಳುವಂತಿಲ್ಲ, ಕಟ್ಟೆಯ ಮೇಲೆ ಅಪ್ಪ ಕೂತಿದ್ದಾನೆ, ಹುಡುಗಿ ಇನ್ನೊಂದು ಬದಿಗೆ ಲಂಗ ಎಳೆದು ನೋಡಿಕೊಳ್ಳುತ್ತಾಳೆ, ಏನೂ ಇಲ್ಲ, ನಡಿ, ಹುಡುಗಿ ಮತ್ತೆ ಕತ್ತು ತಿರುಗಿಸುತ್ತಾಳೆ —