ಕಂಗ್ಟಿ ಬಸ್ಸಿನ ಡ್ರೈವರ್

ಬಸ್ಸು ಕವಲಿನಲ್ಲಿ ನಿಂತಿತ್ತು. ಎಂಜಿನ್ ಬಂದ್ ಆಗಿರಲಿಲ್ಲ, ದನ ಅಡ್ಡ ಬಂದಿರಲಿಲ್ಲ, ಇಳಿಯುವವರೂ ಯಾರೂ ಇರಲಿಲ್ಲ. ಸೂರ್ಯಕಾಂತ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಎದುರಿನ ದಾರಿಗಳನ್ನು ನೋಡುತ್ತ ಕುಳಿತಿದ್ದ. ಒಂದು ಎಡಕ್ಕೆ ಹೋಗುತ್ತಿತ್ತು, ಒಂದು ಬಲಕ್ಕೆ. ಕಂಗ್ಟಿಯದು ಯಾವುದೆಂದು ಅವನಿಗೆ ಹೊಳೆಯಲಿಲ್ಲ.

"ಯಾಕ್ರಿ ಅಣ್ಣಾರ, ಗಾಡಿ ಯಾಕ ನಿಂದ್ರಿಸಿದ್ರಿ?" ಹಿಂದಿನಿಂದ ಕಂಡಕ್ಟರ್ ವೈಜಿನಾಥ ಕೇಳಿದ.

ಹಿಂದೆ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯಿತು. ಅಷ್ಟರಲ್ಲಿ ಎಡದಾರಿಯ ಬಾಯಲ್ಲಿದ್ದ ಪಂಕ್ಚರ್ ಅಂಗಡಿ ಸೂರ್ಯಕಾಂತನ ಕಣ್ಣಿಗೆ ಬಿತ್ತು. ಅದರ ಬೆನ್ನಿಗೇ ಇಡೀ ದಾರಿ, ಗುಂಡಿ ತಿರುವುಗಳ ಸಮೇತ, ತಲೆಯೊಳಗೆ ಬಂದು ಕೂತಿತು. ಅವನು ಗೇರ್ ಹಾಕಿದ.

ತೆಲಂಗಾಣದ ಜಹೀರಾಬಾದಿನಿಂದ ನಾರಾಯಣಖೇಡ, ಅಲ್ಲಿಂದ ಕಂಗ್ಟಿ, ಮತ್ತೆ ವಾಪಸು. ಹದಿನಾರು ವರ್ಷದಿಂದ ಅವನು ಓಡಿಸುತ್ತಿದ್ದ ದಾರಿ ಅದು. ಎರಡನೆಯ ಅಲೆಯಲ್ಲಿ ಕರೋನಾ ಬಂದಾಗ ಆಸ್ಪತ್ರೆಗೂ ಸೇರದೆ, ಹನ್ನೆರಡು ದಿನ ಒಂದು ಕೋಣೆಯಲ್ಲಿ ಮಲಗಿ ಎದ್ದು ಬಂದಿದ್ದ. ಜೊತೆಯ ಇಬ್ಬರು ಡ್ರೈವರುಗಳು ಏಳಲೇ ಇಲ್ಲ. ತಾನು ಪುಣ್ಯವಂತನೆಂದು ಅವನು ತಿಳಿದಿದ್ದ. ಉಳಿದದ್ದು ಆಮೇಲೆ ಶುರುವಾಯಿತು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಹೆಚ್ಚು ದುಡಿದರೆ ಮರುದಿನ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ಮಾತಿನ ನಡುವೆ ಬೇಕಾದ ಶಬ್ದ ಸಿಗುತ್ತಿರಲಿಲ್ಲ. ಕೊತ್ತಂಬರಿ ತರಲು ಹೋದವನು ಅಂಗಡಿ ಮುಂದೆ ನಿಂತು, ಏನು ತರಲು ಬಂದೆನೆಂದು ಹೆಂಡತಿ ಜಗದೇವಿಗೆ ಫೋನ್ ಮಾಡುತ್ತಿದ್ದ. ಡಾಕ್ಟರು ರಕ್ತ, ಎದೆ ಫೋಟೋ, ಇಸಿಜಿ ಎಲ್ಲ ಮಾಡಿಸಿ, ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಎಂದಿದ್ದರು. ಹೀಗೇ ಎರಡು ವರ್ಷ ಕಳೆದಿತ್ತು. ಸ್ಟೇರಿಂಗ್ ಹಿಡಿದಾಗ ಮಾತ್ರ ಯಾವತ್ತೂ ಹಾಗಾಗಿರಲಿಲ್ಲ. ಇವತ್ತಿನವರೆಗೆ.

ಕಂಗ್ಟಿಯಲ್ಲಿ ಜನ ಇಳಿದರು. ಸಕ್ಕರೆ ಕಾಯಿಲೆಯ ಔಷಧಕ್ಕೆಂದು ತಿಂಗಳಿಗೊಮ್ಮೆ ನಾರಾಯಣಖೇಡಕ್ಕೆ ಹೋಗಿಬರುವ ಮುದುಕಿ ರುಕ್ಮಿಣಿಬಾಯಿ ಕೊನೆಗೆ ಇಳಿದಳು. ಡ್ರೈವರ್ ಬಾಗಿಲಿನ ಹತ್ತಿರ ನಿಂತು, "ತಮ್ಮಾ, ನೀ ಇದ್ದ ದಿನ ಗಾಡ್ಯಾಗ ಛಂದ ನಿದ್ದಿ ಮಾಡ್ತೀನಿ ನೋಡು. ಬ್ಯಾರೆಯವ್ರು ಇದ್ರ ಕಣ್ಣ ಮುಚ್ಚಲ್ಲ," ಅಂದಳು.

ಅವಳು ಹೋದ ಮೇಲೆ ಸೂರ್ಯಕಾಂತ ಸ್ವಲ್ಪ ಹೊತ್ತು ಸೀಟಿನಲ್ಲೇ ಕುಳಿತ. ಆಮೇಲೆ ಎಂಜಿನ್ ಬಂದ್ ಮಾಡಿ ಇಳಿದು ಬಂದ.

"ವೈಜು, ವಾಪಸ್ ಟ್ರಿಪ್ ನಾ ಹೊಡಿಯಲ್ಲ. ಡಿಪೋಕ್ಕ ಫೋನ್ ಮಾಡ್ತೀನಿ."

"ಒಂದು ನಿಮಿಷ ನಿಂತದ್ದಕ್ಕ ಇಷ್ಟ್ಯಾಕ್ರಿ? ನಾ ಯಾರಿಗೂ ಹೇಳಲ್ಲ. ನಿಮ್ಮ ಬಾಜೂಕ ನಿಂತು ಎಡಕ್ಕ, ಬಲಕ್ಕ ಅಂತ ಹೇಳ್ಕೋತ ಬರ್ತೀನಿ."

"ದಾರಿ ನೀ ಹೇಳ್ತಿ. ಬ್ರೇಕ್ ಯಾವದು ಅನ್ನೋದು ಮರೆತ್ರ?"

ವೈಜಿನಾಥ ದನಿ ತಗ್ಗಿಸಿ ಹೇಳಿದ: "ರಿಪೋರ್ಟ್ ಎಲ್ಲ ಸರಿ ಅವ ಅಂತೀರಿ. ಯಾರು ನಂಬ್ತಾರ್ರಿ?"

"ಕಾಗದದ ಮ್ಯಾಲ ನಾ ಆರಾಮ ಅದೀನಿ. ಅದು ನಂಗೂ ಗೊತ್ತದ."

ಡಿಪೋದ ಅಧಿಕಾರಿ ತೆಲುಗಿನಲ್ಲಿ ಮೊದಲು ಕೇಳಿದ್ದು, ಕುಡಿದಿದ್ದೀಯಾ ಎಂದು. ಇಲ್ಲ ಸಾರ್, ಬೇಕಾದರೆ ಊದಿಸಿ ನೋಡುವ ಮಷೀನ್ ಕಳಿಸಿ ಎಂದ ಸೂರ್ಯಕಾಂತ. ನಂತರ ಜಗದೇವಿಗೆ ಫೋನ್ ಮಾಡಿ, ಗಾಡಿ ಓಡಿಸಲ್ಲ ಅಂದದ್ದನ್ನು ಹೇಳಿದ.

"ನಾನೇ ಹೇಳಬೇಕಂತಿದ್ದೆ. ಹೆಂಗ ಹೇಳ್ಲಿ ಅಂತ ಬಿಟ್ಟೆ," ಅಂದಳು. "ಊಟ ಮಾಡೀರಿಲ್ಲೋ?"

ಇನ್ನೊಬ್ಬ ಡ್ರೈವರ್ ಬರಲು ಎರಡು ತಾಸು ಹಿಡಿಯಿತು. ವಾಪಸು ಹೋಗುವ ಜನ ಬೇವಿನ ಮರದ ಕೆಳಗೆ ಗುಂಪುಗೂಡಿದ್ದರು. ಸೂರ್ಯಕಾಂತ ಅವರ ನಡುವೆಯೇ ಖಾಕಿ ಅಂಗಿಯಲ್ಲಿ ಕುಳಿತಿದ್ದ. ಬೇರೆಡೆ ಹೋಗಿ ಕೂರಿ ಎಂದು ವೈಜಿನಾಥ ಎರಡು ಸಲ ಹೇಳಿದರೂ ಏಳಲಿಲ್ಲ.

"ನೋಡಾಕ ಪೈಲ್ವಾನ ಇದ್ದಂಗ ಅದಾನ, ಏನು ಬ್ಯಾನಿ ಇವಂಗ?" ಅಂದ ಒಬ್ಬ. "ಹೊತ್ತಾದ್ರ ಖೇಡದಾಗ ನಮ್ಮ ಮಗಳನ್ನ ನೋಡೋ ಡಾಕ್ಟ್ರು ಹೋಗಿಬಿಡ್ತಾರ," ಅಂದಳು ಇನ್ನೊಬ್ಬಾಕೆ, ಅವನತ್ತ ನೋಡದೆ. ಅವಳ ಮಾತೇ ಅವನಿಗೆ ಹೆಚ್ಚು ನಾಟಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಹೇಳಬೇಕೆಂದುಕೊಂಡ ಶಬ್ದ ಬರಲಿಲ್ಲ. ಎದ್ದು ಹೋಗಿ ಅವಳ ಕೂಸಿಗೆ ನೀರಿನ ಬಾಟಲಿ ತಂದುಕೊಟ್ಟ.

ಬಂದ ಡ್ರೈವರ್ ಜೈಪಾಲ ನಿಜವಾಗಿಯೂ ಮಷೀನ್ ತಂದಿದ್ದ. ಸಂಕೋಚದಿಂದಲೇ ಮುಂದೆ ಹಿಡಿದ. ಎಲ್ಲರ ಎದುರು ಸೂರ್ಯಕಾಂತ ಊದಿದ. ಪೂರ್ತಿ ಊದುವಷ್ಟು ಉಸಿರು ಸಾಲದೆ ಎರಡನೆಯ ಸಲ ಊದಬೇಕಾಯಿತು. ಸೊನ್ನೆ ಬಂತು.

"ಎಲ್ಲ ಸರಿ ಅದಲ್ರಿ," ಅಂದ ಜೈಪಾಲ.

"ಹೌದು, ಎಲ್ಲ ಸರಿ ಅದ," ಎಂದು ಸೂರ್ಯಕಾಂತ ಬಸ್ಸಿನ ಕೀಲಿ ಕೊಟ್ಟ.

ಮುಂದೆ ನಾಲ್ಕು ತಿಂಗಳು ಅವನು ಬೇರೆ ಕೆಲಸ ಕೇಳುತ್ತ ಒಂದು ಆಫೀಸಿನಿಂದ ಇನ್ನೊಂದಕ್ಕೆ ಅಲೆದ. ಕಳ್ಳಾಟ ಎಂದವರಿದ್ದರು, ಭೂತ ಬಿಡಿಸು ಎಂದವರೂ ಇದ್ದರು. ಕೊನೆಗೆ ಡಿಪೋದ ಗೇಟಿನಲ್ಲಿ ಕೂರುವ ಕೆಲಸ ಸಿಕ್ಕಿತು. ಆ ಮಧ್ಯಾಹ್ನ ಅದ್ಯಾವುದೂ ಅವನಿಗೆ ಗೊತ್ತಿರಲಿಲ್ಲ. ಅವನು ಬಸ್ಸು ಹತ್ತಿ, ನಡುವಿನ ಕಿಟಕಿಯ ಪಕ್ಕ ಕುಳಿತ.

ಮೊದಲ ಎರಡು ಮೈಲಿ ಅವನ ಬಲಗಾಲು ಪ್ರತಿ ತಿರುವಿನಲ್ಲೂ ನೆಲವನ್ನು ಒತ್ತುತ್ತಿತ್ತು. ಆಮೇಲೆ ನಿಂತಿತು. ಹೊರಗೆ ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿತ್ತು, ಕುಸುಬೆ ಹಳದಿ ಹೂ ಬಿಟ್ಟಿತ್ತು. ಹೊಲಗಳು ಮುಗಿದಲ್ಲಿ ಒಂದು ಕೆರೆ ಕಂಡಿತು, ತುಂಬಿದ ಕೆರೆ. ಸೂರ್ಯಕಾಂತ ಕಿಟಕಿಯ ಸರಳಿಗೆ ಹಣೆ ತಾಗಿಸಿ ನೋಡಿದ. ಇಲ್ಲೊಂದು ಕೆರೆ ಇರುವುದನ್ನು ತಾನು ಮರೆತಿದ್ದೆನೋ, ಹದಿನಾರು ವರ್ಷ ನೋಡಿಯೇ ಇರಲಿಲ್ಲವೋ, ಅವನಿಗೆ ತಿಳಿಯಲಿಲ್ಲ. ಟಿಕೆಟ್ ಹರಿಯುತ್ತಿದ್ದ ವೈಜಿನಾಥನನ್ನು ಕೇಳಬೇಕೆನಿಸಿತು. ಕೇಳಲಿಲ್ಲ.

ನೀರಿನ ನಡುವೆ ಕಪ್ಪು ಹಕ್ಕಿಯೊಂದು ಕತ್ತು ಬಾಗಿಸಿ ಮುಳುಗಿತು. ಅದು ಮೇಲೆ ಬರುವ ಮೊದಲೇ ಬಸ್ಸು ತಿರುವು ದಾಟಿತು.