ಅರವತ್ತನಾಲ್ಕನೇ ಟೋಕನ್

ವಕೀಲರೆಲ್ಲ ಅವಳನ್ನು ಬೆನ್ನ ಹಿಂದೆ ಗಡುವಮ್ಮ ಎನ್ನುತ್ತಿದ್ದರು. ಎನ್ನದೆ ಇನ್ನೇನು ಮಾಡುತ್ತಾರೆ? ಸಿವಿಲ್ ನ್ಯಾಯಾಲಯದಲ್ಲಿ ದಾವೆ ಸ್ವೀಕರಿಸುವ ಕೌಂಟರು ಅವಳದು. ಗಡುವು ಒಂದೇ ಒಂದು ದಿನ ದಾಟಿದ್ದರೂ ಸಾಕು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿ, 'ಅವಧಿ ಮೀರಿದೆ' ಎಂಬ ಕೆಂಪು ಮೊಹರು ಗುದ್ದಿಬಿಡುವಳು. ಯಾರು ಎಷ್ಟು ಗೋಗರೆದರೂ, ಜಪ್ಪಯ್ಯ ಎಂದರೂ ಕರಗುತ್ತಿರಲಿಲ್ಲ.

ಅದೇ ಗಡುವಮ್ಮನ ಕೆಳ ಡ್ರಾಯರಿನಲ್ಲಿ ನಾಲ್ಕು ವರ್ಷದಿಂದ ಒಂದು ದಾವೆ ಮಲಗಿತ್ತು. ಅವಳದೇ, ಸೋದರಮಾವನ ಮೇಲಿನದು. ಅವಳಿಗೆ ಒಂಬತ್ತಾಗಿದ್ದಾಗ, ಅಮ್ಮ ಕೆಲಸಕ್ಕೆ ಹೋದ ಮಧ್ಯಾಹ್ನಗಳಲ್ಲಿ ಅವನು ಮಾಡಿದ್ದನ್ನೆಲ್ಲ ಅದರಲ್ಲಿ ಬರೆದಿದ್ದಳು. ಚಿಕ್ಕಂದಿನಲ್ಲಿ ಇಂಥದ್ದನ್ನು ಅನುಭವಿಸಿದವರು ಮೂವತ್ತೈದು ತುಂಬುವುದರೊಳಗೆ ನ್ಯಾಯ ಕೇಳಬೇಕಂತೆ, ಕಾನೂನಿನ ಮಾತು. ನಾಳೆ ಅವಳಿಗೆ ಮೂವತ್ತೈದು ತುಂಬುತ್ತಿತ್ತು.

ಊಟದ ಹೊತ್ತಿಗೆ ಅಮ್ಮನ ಫೋನು.

"ನಾಳೆ ಬೇಗ ಬಾರೇ. ನಿನ್ನ ಹುಟ್ಟಿದಬ್ಬಕ್ಕೆ ಅಂತ್ಲೇ ಮಾವ ಬರ್ತಿದಾನೆ. ಹಳೇದೆಲ್ಲ ನೆನೆಸ್ಕೊಂಡು ಮುಖ ಗಂಟಿಕ್ಕೊಂಡು ಕೂತ್ಕೋಬೇಡ, ನಿನ್ನ ದಮ್ಮಯ್ಯ."

"ಹೂಂ" ಎಂದಳು. ಹಾಳು ಬಾಯಿ, ಇಪ್ಪತ್ತೈದು ವರ್ಷದಿಂದ ಅದಕ್ಕೆ ಬರುವುದು ಅದೊಂದೇ.

ಇದರ ಜೊತೆಗೆ ಇನ್ನೊಂದು ಪೀಕಲಾಟ. ವಾರದಿಂದ ದಿನಾ ಸಂಜೆ, ಕೌಂಟರಿನಾಚೆಯ ಹಜಾರ ಖಾಲಿಯಾದ ಮೇಲೆ, ಟೋಕನ್ ಯಂತ್ರ ತಾನಾಗಿ ಒಂದು ಚೀಟಿ ಉಗುಳುತ್ತಿತ್ತು. ನಂಬರನ್ನು ಮೂರು ಸಲ ಕೂಗಬೇಕು, ಯಾರೂ ಬರದಿದ್ದರೆ ರದ್ದು ಮಾಡಬೇಕು. ಅದು ಕಚೇರಿಯ ಪದ್ಧತಿ. ರದ್ದು ಮಾಡಿ ಹೊರಗೆ ಬಂದರೆ, ಆ ಚೀಟಿ ಬೆಂಚಿನ ಮೇಲೆ ಕಾಗದದ ದೋಣಿಯಾಗಿ ಕೂತಿರುತ್ತಿತ್ತು. ಮೂತಿ ಒಳಕ್ಕೆ ಮಡಚಿದ ದೋಣಿ. ಹಾಗೆ ಮಡಚುತ್ತಿದ್ದವಳು ಅವಳೊಬ್ಬಳೇ, ಅದೂ ಚಿಕ್ಕವಳಿದ್ದಾಗ, ಬಸ್ ಟಿಕೆಟುಗಳಲ್ಲಿ. ಬೆಂಚು ಮುಟ್ಟಿದರೆ ಬೆಚ್ಚಗಿರುತ್ತಿತ್ತು.

"ಮಷೀನಿಗೆ ದೆವ್ವ ಮೆಟ್ಕೊಂಡಿದೆ ಕಣಮ್ಮಾ, ರಿಪೇರಿಯೋನು ಬಂದು ಏನ್ ಮಾಡ್ತಾನೆ?" ಎಂದು ಹಿಂದಿನ ಮೇಜಿನ ಹೆಡ್ ಗುಮಾಸ್ತ ನಗುತ್ತಿದ್ದ. ಅವಳೂ ನಗುತ್ತಿದ್ದಳು, ಮೈ ಜುಮ್ಮೆನ್ನುತ್ತಿದ್ದರೂ.

ಈ ದಿನವಿಡೀ ಕೈ ಡ್ರಾಯರಿನವರೆಗೆ ಹೋಗುವುದು, ವಾಪಸ್ಸು ಬರುವುದು. ಅಷ್ಟರಲ್ಲಿ ಐದಾಯಿತು. ಹೆಡ್ ಗುಮಾಸ್ತ ದಡಾರನೆ ಹೊರಬಾಗಿಲ ಶಟರು ಎಳೆದು ಬಂದ. ಮುಗಿಯಿತು! ಅವಳಿಗೆ ಹಗುರವೆನಿಸಿತು, ಹಗುರವೆನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಆಗ ಬೋರ್ಡಿನ ಮೇಲೆ ಅರವತ್ತನಾಲ್ಕು ಹೊತ್ತಿಕೊಂಡಿತು.

ಶಟರು ಇಳಿಯುವ ಮುಂಚೆ ಟೋಕನ್ ತೆಗೆದುಕೊಂಡವರ ದಾವೆಗೆ, ಎಷ್ಟೇ ಹೊತ್ತಾಗಲಿ, ಆ ದಿನದ ತಾರೀಖೇ ಬೀಳಬೇಕು. ಇದೂ ಪದ್ಧತಿಯೇ. ಅವಳು ಮೈಕಿಗೆ ಬಾಗಿದಳು.

"ಅರವತ್ತನಾಲ್ಕು."

ಯಾರೂ ಬರಲಿಲ್ಲ.

"ಅರವತ್ತನಾಲ್ಕು."

ಟಕ್, ಟಕ್. ನೆಲಕ್ಕೆ ಕಾಲೆಟುಕದ ಮಗು ಕೂತಲ್ಲೇ ಕಾಲಾಡಿಸುತ್ತ ಹಿಮ್ಮಡಿಯಿಂದ ಬೆಂಚಿನ ಕಾಲಿಗೆ ಒದೆಯುವ ಸದ್ದು. ಇನ್ನೊಂದು ಸಲ ಕೂಗಿದರೆ ರದ್ದು ಮಾಡಬೇಕಾದವಳು ತಾನೇ. ವಾರವಿಡೀ ಮಾಡಿದ್ದೂ ತಾನೇ. ಅಯ್ಯೋ, ಆ ಒಂಬತ್ತರ ಹುಡುಗಿ ದಿನಾ ಬಂದು ಕಾದು ಕೂತಿದ್ದಳಲ್ಲ!

ಡ್ರಾಯರು ಎಳೆದಳು. ದಾವೆ ಎದೆಗವಚಿಕೊಂಡು, ಕೌಂಟರಿನ ಮಡಚು ಹಲಗೆ ಎತ್ತಿ ಆಚೆಗೆ ಹೋದಳು. ಬೆಂಚಿನ ಮೇಲೆ ದೋಣಿ ಇತ್ತು.

"ಸಾರ್, ನೀವೇ ಕೂಗಿ. ಮೂರನೇ ಸಲ."

ಹೆಡ್ ಗುಮಾಸ್ತ ಅವಳ ಕುರ್ಚಿಯಲ್ಲಿ ಕೂತು, ಮಿಕಮಿಕ ನೋಡಿ, ಕೂಗಿದ. "ಅರವತ್ತನಾಲ್ಕು."

"ಬಂದೆ."

ದೋಣಿ ಬಿಡಿಸಿ, ದಾವೆಯ ಜೊತೆ ಕೊಟ್ಟಳು. ಚೀಟಿಯ ಮೇಲೆ ಸಮಯ ನಾಲ್ಕು ಐವತ್ತೆಂಟು ಎಂದಿತ್ತು. ಅವನು ಮೊದಲ ಪುಟ ಓದಿದ. ಎರಡನೆಯದನ್ನೂ ಓದಿದ. ಅವನ ನಗು ಎಲ್ಲೋ ಹೋಯಿತು. ಇಂದಿನ ತಾರೀಖಿನ ಮೊಹರು ಒತ್ತಿದ. ಆಮೇಲೆ ಅವಳ ಹಿಂದಕ್ಕೆ ನೋಡಿ, ಮೆಲ್ಲಗೆ ಕೇಳಿದ:

"ಮಗೂನ ಇಷ್ಟ್ ಹೊತ್ತು ಒಬ್ಳನ್ನೇ ಕೂರಿಸಿದ್ರಾ?"

"ಹೌದು ಸಾರ್. ತಪ್ಪಾಯ್ತು."

ಅವಳು ತಿರುಗಿ ನೋಡಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿದಳು. ಪುಟ್ಟ ಬೆರಳುಗಳು ಬಂದು ಹಿಡಿದುಕೊಂಡವು.