ಗೋಡೆ ತುಂಬ ಮಾಡ

ಮಂದಿಯ ಮನೆಗಳಲ್ಲೆಲ್ಲ ಸದ್ದು ಕೂರಿಸಿಕೊಟ್ಟು ಬರುವ ಮುತ್ತಣ್ಣನ ಸ್ವಂತ ಟೀವಿ, ಆಂಪ್ಲಿಫೈಯರ್, ಸ್ಪೀಕರುಗಳು, ಮಗುವಿನಷ್ಟು ತೂಕದ ಒಂದು ಬೇಸ್ ಡಬ್ಬ ಎಲ್ಲವೂ ಕೆ.ಆರ್. ಪುರದ ಬಾಡಿಗೆ ಕೋಣೆಯ ನೆಲದ ಮೇಲೆ ರಟ್ಟಿನ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ಅವುಗಳ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಅವನೂ ಬಿದ್ದಿರುತ್ತಿದ್ದ. ಇಂದಿರಾನಗರದ ದೊಡ್ಡ ಮನೆಗಳಿಗೆ ಹೋಮ್ ಥಿಯೇಟರ್ ಜೋಡಿಸುವುದು ಅವನ ಕೆಲಸ. ಸಿಂಧನೂರಿನಲ್ಲಿದ್ದಾಗ ಮದುವೆ, ಜವಳಗಳಿಗೆ ಮೈಕ್‌ಸೆಟ್ ಕಟ್ಟುತ್ತಿದ್ದವನು ಬೆಂಗಳೂರಿಗೆ ಬಂದು ಅದನ್ನೇ ಕೊಂಚ ನಾಜೂಕಾಗಿ ಮಾಡುತ್ತಿದ್ದ, ಅಷ್ಟೆ. ಗಿರಾಕಿಗಳು ಹೊಸದು ತಂದಾಗ ಬೇಡವೆಂದ ಹಳೆಯದನ್ನು ಒಂದೊಂದಾಗಿ ಕೂಡಿಸಿ ತನ್ನದೊಂದು ಸೆಟ್ ಮಾಡಿಕೊಂಡಿದ್ದ. ಪೂರ್ತಿಯಾಗಿ ಒಮ್ಮೆಯೂ ಹಚ್ಚಿರಲಿಲ್ಲ. ಯಾರಿಗಾಗಿ ಹಚ್ಚಬೇಕು? ಹೆಂಡತಿ ಗಂಗಾ ಸಿಂಧನೂರಿನಲ್ಲೇ ಇದ್ದಳು.

ಇದ್ದಳು ಅನ್ನುವುದಕ್ಕಿಂತ ಹಟ ಹಿಡಿದು ಕುಳಿತಿದ್ದಳು ಅನ್ನಬೇಕು. ಆರು ವರ್ಷದ ಹಿಂದೆ ಅವಳು ಗಂಡನ ಜೊತೆ ವಿಮಾನಪುರದ ಒಂದು ಬಾಡಿಗೆ ಕೋಣೆಯಲ್ಲಿದ್ದವಳೇ. ಒಂದು ದಿನ ದೇವರ ಪಟ ತೂಗುಹಾಕಲು ಗೋಡೆಗೆ ಮೊಳೆ ಹೊಡೆದಳು. ಮನೆಯ ಮಾಲೀಕ ಮೇಲಿನಿಂದ ಇಳಿದು ಬಂದು, ಇದೇನು ನಿಮ್ಮಪ್ಪ ಕಟ್ಟಿಸಿದ ಗೋಡೆನಾ ಎಂದು ಅಕ್ಕಪಕ್ಕದವರ ಮುಂದೆಯೇ ಕೇಳಿದ. ಅವಳ ಕೈಯಲ್ಲೇ ಮೊಳೆ ಕೀಳಿಸಿ, ತೂತಿಗೆ ಟೂತ್‌ಪೇಸ್ಟ್ ಮೆತ್ತಿಸಿದ. ಮುತ್ತಣ್ಣ ಕೆಲಸದಿಂದ ಬರುವಷ್ಟರಲ್ಲಿ ಅವಳ ಬಟ್ಟೆಯ ಗಂಟು ಸಿದ್ಧವಾಗಿತ್ತು. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳೇ, ಕರೆದುಕೊಂಡು ಹೋಗಲು ಬಂದಿದ್ದ ಅಕ್ಕ, ಭಾವ, ಓಣಿಯ ಹೆಂಗಸರು ಎಲ್ಲರ ಮುಂದೆ, ಇನ್ನು ಸ್ವಂತ ಗೋಡೆ ಎದ್ದು, ಅದರಲ್ಲಿ ನಾನೇ ನಿಂತು ಮಾಡ ಬಿಡಿಸಿದ ದಿನವೇ ಆ ಊರಿಗೆ ಹೋಗುವುದು ಎಂದುಬಿಟ್ಟಳು.

ಸಿಂಧನೂರಿನ ಕಡೆ ಮಣ್ಣಿನ ದಪ್ಪ ಗೋಡೆಯಲ್ಲಿ ದೀಪ, ಬಾಚಣಿಗೆ, ಬೀಗದ ಕೈ ಇಡಲು ಬಿಡಿಸುವ ಗೂಡಿಗೆ ಮಾಡ ಎನ್ನುತ್ತಾರೆ. ಅದನ್ನು ಗೋಡೆ ಏಳುತ್ತಿರುವಾಗಲೇ ಬಿಡಿಸಬೇಕು, ಆಮೇಲೆ ಕೊರೆಯಲು ಹೋದರೆ ಗೋಡೆಯೇ ಕುಸಿಯುತ್ತದೆ. ಹಾಗಾಗಿ ಆ ಕಡೆಯವರು ಯಾರಾದರೂ ಮಾಡ ಬಿಡಿಸುತ್ತಿದ್ದಾರೆ ಎಂದರೆ ಅವರ ಮನೆ ಏಳುತ್ತಿದೆ ಎಂದೇ ಅರ್ಥ.

ಮುತ್ತಣ್ಣನಿಗೆ ಸೈಟು ಎಲ್ಲಿಂದ ಬರಬೇಕು? ಹಬ್ಬಕ್ಕೊಮ್ಮೆ ಸಿಂಧನೂರಿಗೆ ಹೋಗಿ ಬರುತ್ತಿದ್ದ. ದಿನಾ ಸಂಜೆ ಫೋನ್ ಮಾಡುತ್ತಿದ್ದ. ‘ಮನಿ ಆಗ್ಲಿ, ಕರಕೊಂಡು ಬರ್ತೀನಿ’ ಎನ್ನುತ್ತಿದ್ದ. ಅವಳು ಹ್ಞೂಂ ಅನ್ನುತ್ತಿದ್ದಳು. ಅಕ್ಕನ ಮನೆಯಲ್ಲಿದ್ದುಕೊಂಡು ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದ ಅವಳಿಗೂ ಹೆಚ್ಚು ಮಾತಿಗೆ ಪುರಸೊತ್ತಿರಲಿಲ್ಲ. ಮಕ್ಕಳಾಗಿರಲಿಲ್ಲ, ಹಾಗಾಗಿ ಇಬ್ಬರ ನಡುವೆ ಓಡಾಡಿ ಈ ಹಟ ಮುರಿಯುವವರೂ ಇರಲಿಲ್ಲ. ಆರು ವರ್ಷ ಒಬ್ಬನೇ ಉಂಡು, ಒಂದೇ ತಟ್ಟೆ ತೊಳೆದಿಟ್ಟವನಿಗೆ ಆ ತಟ್ಟೆಯ ಸದ್ದು ಸಹ ಸಹಿಸಲಾಗದ ಸ್ಥಿತಿ ಬಂದಿತ್ತು. ಹೆಂಡತಿ ಬೇಕು ಅನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ಕೊನೆಗೆ, ಪೆಟ್ಟಿಗೆಯಲ್ಲಿ ಕೊಳೆಯುತ್ತಿರುವ ಸಾಮಾನಿಗಾದರೂ ಒಂದು ನೆಲೆ ಮಾಡೋಣವೆಂದು ಒಂದು ಮಧ್ಯಾಹ್ನ ಮಾರತ್ತಹಳ್ಳಿಯ ರಿಂಗ್ ರೋಡಿನಲ್ಲಿದ್ದ ಪೀಠೋಪಕರಣದ ಅಂಗಡಿಗೆ ಹೋದ. ಅಲ್ಲಿ ಅವನನ್ನು ವಿಚಾರಿಸಿದ ಹುಡುಗಿಯ ಹೆಸರು ಪ್ರಿಯಾ. ಹಲಸೂರಿನ ತಮಿಳರ ಮನೆಯವಳು. ಒಂದೇ ಉಸಿರಿನಲ್ಲಿ ಮೂರು ಭಾಷೆ ಆಡುವ ಚೂಟಿ.

‘ಇದು ಮಾಡ್ಯುಲರ್ ಸಾರ್. ಒಂದೊಂದ್ ಬಾಕ್ಸೂ ಬೇರೆ ಬೇರೆ. ನಿಮ್ಗೆ ಹೆಂಗ್ ಬೇಕೋ ಹಂಗ್ ಜೋಡಿಸ್ಕೊಳಿ. ಬಾಡಿಗೆ ಮನೇನಾ? ಹಂಗಾದ್ರೆ ಇದೇ ಬೆಸ್ಟು. ಗೋಡೆ ಮುಟ್ಟೋದೇ ಬೇಡ. ಖಾಲಿ ಮಾಡುವಾಗ ಬಿಚ್ಕೊಂಡ್ ಹೋಗ್ಬೋದು.’

ಬಿಚ್ಚಿಕೊಂಡು ಹೋಗಬಹುದು ಎಂಬ ಮಾತು ಮುತ್ತಣ್ಣನಿಗೆ ರುಚಿಸಲಿಲ್ಲ. ಆದರೂ ಪೆಟ್ಟಿಗೆಗಳನ್ನು ತಟ್ಟಿ ನೋಡಿದ, ಹಿಂದೆ ಇಣುಕಿದ. ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಅದರ ಪೆಟ್ಟಿಗೆಗೆ ಬೆನ್ನು ಇರಬಾರದು. ವೈರು ತೂರಿಸಲು ತೂತು ಬೇಕು. ಟೀವಿ ಮಾತ್ರ ಅಂಗಡಿಯಲ್ಲಿಟ್ಟ ಎತ್ತರಕ್ಕೆ ಬೇಡವೇ ಬೇಡ.

‘ಇದು ಸೋಫಾದಾಗ ಕೂಡೋರಿಗೆ ಸರಿ ಹೋಗುತ್ತಮ್ಮ. ನಾವು ಕೆಳಗ ಚಾಪಿ ಮ್ಯಾಲ ಕೂಡೋರು. ಕತ್ತು ನೋಯ್ತದ.’

‘ಹಂಗಾದ್ರೆ ಕೆಳಗಿನ ಸಾಲು ತೆಗ್ದುಬಿಡೋಣ ಸಾರ್. ಮನೇಲಿ ಎಷ್ಟ್ ಜನ?’

ಮುತ್ತಣ್ಣ ‘ಇಬ್ರು’ ಎಂದ. ಎಂದ ಮೇಲೆ ಅವನಿಗೇ ಸಂಕಟವಾಯಿತು. ಒಂದು ಮಾತು ಕೇಳಿಬಿಡುತ್ತೇನೆಂದು ಹೊರಗೆ ಬಂದು, ಬಸ್ಸು ಲಾರಿಗಳ ಗದ್ದಲದಲ್ಲೇ ಗಂಗಾಳಿಗೆ ಫೋನ್ ಹಚ್ಚಿದ.

‘ಗಂಗಾ, ಮಾಡ್ಯುಲರ್ ಮಾಡಿಸಬೇಕಂತ ಬಂದೀನಿ. ಟೀವಿಗೊಂದು, ಆಂಪ್ಲಿಗೊಂದು, ಸ್ಪೀಕರಿಗೆ ಎಡಕೊಂದು ಬಲಕೊಂದು. ನಿನಗ ಬ್ಯಾರೆ ಎಷ್ಟಿರಬೇಕು ಹೇಳು.’

ನಡುವೆ ಒಂದು ಬಸ್ಸು ಹಾರ್ನ್ ಹೊಡೆದು ಅರ್ಧ ಮಾತು ನುಂಗಿತು.

‘ಏನಂದ್ರಿ? ಮಾಡ?’

‘ಹ್ಞೂಂ, ಮಾಡ್ಯುಲರ್!’

‘ಯಾವ ಗ್ವಾಡಿಗಿ?’

‘ಬಾಗಲದ ಎದುರಿನ ಗ್ವಾಡಿಗಿ. ಗ್ವಾಡಿ ತುಂಬ.’

‘ಗ್ವಾಡಿ ತುಂಬ ಮಾಡ!’ ಎಂದಳು ಗಂಗಾ. ಆಮೇಲೆ ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿತು.

‘ಅಳಾಕತ್ತೀಯೇನು?’

‘ಇಲ್ರಿ. ನನಗ ಒಂದು ಸಾಕು, ದೀಪಕ್ಕ. ಬರೋ ಆಯಿತವಾರ ಬರ್ತೀನಿ ನಾ.’

ಮುತ್ತಣ್ಣ ಫುಟ್‌ಪಾತಿನ ಮೇಲೆ ಬೆಪ್ಪನಂತೆ ನಿಂತ. ಒಂದು ಟೀವಿ ಸ್ಟ್ಯಾಂಡಿಗೆ ಆರು ವರ್ಷದ ಹಟ ಕರಗಿತೇ? ಸ್ಪೀಕರ್ ಎಲ್ಲಿಟ್ಟರೆ ಸದ್ದು ಎಲ್ಲಿ ಹೋಗಿ ಬೀಳುತ್ತದೆಂದು ಹೇಳಬಲ್ಲವನಿಗೆ ತಾನಾಡಿದ ಮಾತು ಹೆಂಡತಿಯ ಕಿವಿಯಲ್ಲಿ ಎಲ್ಲಿ ಬಿತ್ತೆಂದು ಹೊಳೆಯಲಿಲ್ಲ. ಹೊಳೆಯುವುದು ಅವನಿಗೆ ಬೇಕಾಗಿಯೂ ಇರಲಿಲ್ಲ. ಒಳಗೆ ಹೋಗಿ ಪ್ರಿಯಾಗೆ, ನಾಳೆ ಅಳತೆ ತರುತ್ತೇನೆಂದು ಹೇಳಿ, ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಮನೆಗೆ ಬಂದ.

ಮರುದಿನ ಬೆಳಿಗ್ಗೆ ಶರಣಬಸವನ ಫೋನ್ ಬಂತು. ಅವನು ಸಿಂಧನೂರಿನ ಅದೇ ಓಣಿಯವನು, ಬಾಣಸವಾಡಿಯಲ್ಲಿದ್ದು ಪೇಂಟಿಂಗ್ ಕೆಲಸ ಮಾಡುವವನು.

‘ಏನಲೇ ಮುತ್ತಣ್ಣ, ಮನಿ ಕಟ್ಟಿಸಾಕತ್ತೀಯಂತ! ಊರಿಗೆಲ್ಲ ಗೊತ್ತು, ಇಲ್ಲೇ ಇರೋ ನನಗ ಗೊತ್ತಿಲ್ಲ. ಬಣ್ಣ ಯಾರ ಕಡಿಂದ ಹೊಡಸ್ತೀ?’

‘ಯಾರಂದ್ರು?’

‘ನಿನ್ನ ಹೆಂಡ್ತಿ ಓಣಿಗೆಲ್ಲ ಸಕ್ಕರಿ ಹಂಚ್ಯಾಳ. ಗ್ವಾಡಿ ಎದ್ದಾವ, ಮಾಡ ಬಿಡಸಾಕತ್ಯಾರ ಅಂತ.’

ತನ್ನ ಮಾಡ್ಯುಲರ್ ಅವಳ ಕಿವಿಗೆ ಮಾಡವಾಗಿ ಬಿದ್ದಿದೆಯೆಂದು ಮುತ್ತಣ್ಣನಿಗೆ ಈಗ ಹೊಳೆಯಿತು. ಏನೋ ಒಂದು ಹಾರಿಕೆಯ ಮಾತು ಹೇಳಿ ಫೋನ್ ಇಟ್ಟ. ತಕ್ಷಣ ಗಂಗಾಳಿಗೆ ಹೇಳಿಬಿಡಬೇಕೆಂದು ನಂಬರು ಒತ್ತಿದ. ಅವಳು ಎತ್ತಿದವಳೇ, ‘ಸಜ್ಜಿ ಹಿಟ್ಟು ತರಲೇನ್ರಿ? ಅಲ್ಲಿ ಛಲೋದು ಸಿಗಂಗಿಲ್ಲ. ಗುರೆಳ್ಳು ಪುಡಿ ಕುಟ್ಟಾಕತ್ತೀನಿ’ ಎಂದಳು. ಅವಳ ಧ್ವನಿ ಮದುವೆಯಾದ ಹೊಸದರ ಧ್ವನಿಯಾಗಿತ್ತು. ಅಂಥ ಧ್ವನಿಗೆ ಯಾವ ಗಂಡು ನಿಜ ಹೇಳಿಯಾನು?

‘ತಾ’ ಎಂದ. ‘ಊಟ ಆತೇನು?’ ಎಂದ. ಬೆಳಗಿನ ಹೊತ್ತು ಊಟ ಕೇಳಿದ್ದಕ್ಕೆ ಅವಳು ನಕ್ಕಳು.

ಮಾಡ್ಯುಲರ್ ಅಂಗಡಿಯಲ್ಲಿ ಅಳತೆಯ ಚೀಟಿ ಹಿಡಿದು ಸುಮ್ಮನೆ ನಿಂತವನನ್ನು ಕಂಡು ಪ್ರಿಯಾ ಏನಾಯಿತೆಂದು ಕೇಳಿದಳು. ಯಾರಿಗಾದರೂ ಹೇಳದೆ ಇರಲಾಗದ ಸ್ಥಿತಿಯಲ್ಲಿದ್ದ ಮುತ್ತಣ್ಣ ಎಲ್ಲ ಹೇಳಿದ. ಹುಡುಗಿ ಮೊದಲು ಕಿಸಕ್ಕೆಂದು ನಕ್ಕಳು, ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು.

‘ನಮ್ ಪಾಟಿ, ಅಂದ್ರೆ ಅಜ್ಜೀನೂ ಮಾಡಂ ಅಂತಾನೇ ಅನ್ನೋರು ಸಾರ್. ಹಲಸೂರಲ್ಲಿ ನಮ್ ಹಳೇ ಮನೇಲಿ ಇತ್ತು, ವಿಳಕ್ಕು, ಅದೇ ದೀಪ, ಇಡೋಕೆ. ಅದು ಗೋಡೆ ಒಳಗಿರತ್ತೆ, ಇದು ಗೋಡೆ ಮುಂದಿರತ್ತೆ. ಅಷ್ಟೇ ಡಿಫರೆನ್ಸು.’

‘ಆ ಡಿಫರೆನ್ಸ್‌ನಾಗೇ ಸಿಕ್ಕೊಂಡೀನಮ್ಮ.’

‘ಅಕ್ಕಂಗೆ ಹೇಳ್ಬಿಡಿ ಸಾರ್.’

‘ಹೇಳಿದ್ರ ಬರಂಗಿಲ್ಲ.’

‘ಬಂದು, ನೋಡಿ, ವಾಪಸ್ ಹೋಗ್ಬಿಟ್ರೆ?’

ಮುತ್ತಣ್ಣ ಪೆಟ್ಟಿಗೆಗಳ ಆಯ್ಕೆ ಶುರುಮಾಡಿದ. ಬಾಗಿಲಿಲ್ಲದ ಪೆಟ್ಟಿಗೆಗಳೇ ಬೇಕೆಂದ. ಧೂಳು ಕೂರುತ್ತೆ ಸಾರ್ ಎಂದರೆ, ಮಾಡಕ್ಕೆ ಬಾಗಿಲಿರುವುದಿಲ್ಲ ಎಂದ. ಬಿಳಿಯದು ಬೇಡ, ಮಣ್ಣಿನ ಬಣ್ಣದ್ದು ಕೊಡಿ ಎಂದ. ಆಳ ಹೆಚ್ಚಿರುವುದನ್ನು ಆರಿಸಿದ. ಸ್ಪೀಕರ್ ಅಷ್ಟು ಆಳದಲ್ಲಿ ಕೂತರೆ ಸದ್ದು ಗುಂಯ್ಗುಟ್ಟುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಇಂದಿರಾನಗರದ ಗಿರಾಕಿ ಹಾಗೆ ಆರಿಸಿದ್ದರೆ ಮುಖದ ಮೇಲೆಯೇ ಬೇಡ ಎನ್ನುತ್ತಿದ್ದ. ಈಗ ತಾನೇ ಆರಿಸಿದ. ನೆಲದಿಂದ ಸೂರಿನವರೆಗೆ, ಈ ಮೂಲೆಯಿಂದ ಆ ಮೂಲೆಗೆ, ಬಾಡಿಗೆ ಗೋಡೆಯ ಒಂದು ಚೂರೂ ಕಾಣದ ಹಾಗೆ ಲೆಕ್ಕ ಹಾಕಿಸಿದ. ಪ್ರಿಯಾ ಮತ್ತೆ ಬುದ್ಧಿ ಹೇಳಲು ಹೋಗಲಿಲ್ಲ.

ಸಾಮಾನು ಬಂದಾಗ ಕೆಳಗಿನ ಮನೆಯ ಮಾಲಕಿ ಮುನಿಗಂಗಮ್ಮ ಮೆಟ್ಟಿಲಲ್ಲೇ ತಡೆದರು. ‘ಏನಪ್ಪಾ ಇಷ್ಟೊಂದು? ಮೊನ್ನೆ ತಾನೆ ಬಣ್ಣ ಬಳಿಸಿವ್ನಿ, ಮೊಳೆಗಿಳೆ ಹೊಡ್ದೀಯ.’ ಇಲ್ಲಮ್ಮ, ಗೋಡೆ ಮುಟ್ಟೋದೇ ಇಲ್ಲ ಎಂದು ಮುತ್ತಣ್ಣ ಕೈಮುಗಿದ. ಅವರೇನೂ ಕೆಟ್ಟವರಲ್ಲ, ಮನೆ ಅವರದು, ಕೇಳಿದರು.

ಎರಡು ಸಂಜೆ ಕೂತು ಒಬ್ಬನೇ ಜೋಡಿಸಿದ. ಟೀವಿ ಚಾಪೆಯ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಬಂತು. ವೈರುಗಳು ಹಿಂದೆ ಅಡಗಿದವು. ಗಂಗಾಳ ಪಾಲಿನ ಪೆಟ್ಟಿಗೆ ಬಲಗಡೆ, ಅವಳ ಕೈಗೆಟಕುವ ಎತ್ತರದಲ್ಲಿ ಖಾಲಿಯಾಗಿ ಉಳಿಯಿತು. ದೂರದಲ್ಲಿ ನಿಂತು ನೋಡಿದರೆ ನಿಜಕ್ಕೂ ಗೋಡೆ ತುಂಬ ಮಾಡ ಬಿಡಿಸಿದ ಹಾಗೇ ಇತ್ತು. ಹತ್ತಿರ ಹೋಗಿ ಬೆರಳಿನಿಂದ ತಟ್ಟಿದ. ಬರಿಯ ಹಲಗೆಯ ಟೊಳ್ಳು ಸದ್ದು ಬಂತು. ಇದನ್ನು ಅವಳೂ ತಟ್ಟುತ್ತಾಳೆ, ತಟ್ಟಿದ ಮರುಕ್ಷಣವೇ ಗಂಟು ಎತ್ತಿಕೊಳ್ಳುತ್ತಾಳೆ ಎಂದು ಖಾತ್ರಿಯಾಯಿತು. ಆರು ವರ್ಷ ಬರದೆ ಇದ್ದವಳನ್ನು ಹೇಗೋ ತಾಳಿಕೊಂಡಿದ್ದ. ಬಂದು ಹೊರಟುಹೋದವಳನ್ನು ತಾಳಿಕೊಳ್ಳುವುದು ತನ್ನಿಂದಾಗದು ಅನಿಸಿತು. ಹೇಳಿಯೇಬಿಡೋಣವೆಂದು ಫೋನ್ ಹಚ್ಚಿದ.

‘ಬಸ್ಸಿನಾಗ ಕುಂತೀನಿ,’ ಎಂದು ಗಂಗಾ ಕೂಗಿದಳು. ‘ಏನೂ ಕೇಳಸಂಗಿಲ್ಲ. ಬಂದ ಮ್ಯಾಲ ಹೇಳ್ರಿ.’

ಭಾನುವಾರ ಬೆಳಿಗ್ಗೆ ಕೆ.ಆರ್. ಪುರದಲ್ಲಿ ಬಸ್ಸಿಳಿದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಹಬ್ಬಕ್ಕೆ ಹೋದಾಗಲೆಲ್ಲ ಕಂಡಿದ್ದರೂ, ಈ ಊರಿನ ಬೆಳಕಿನಲ್ಲಿ ಅದು ಅವನಿಗೆ ಹೊಸದಾಗಿ ಕಂಡಿತು. ಆಟೋದಲ್ಲಿ ಅವಳು ಹಿಟ್ಟಿನ ಚೀಲ ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತ ಕುಳಿತಳು. ಮನೆ ಎಲ್ಲಿ, ಯಾವಾಗ ಶುರುಮಾಡಿದ್ದು, ಒಂದನ್ನೂ ಕೇಳಲಿಲ್ಲ. ಕೇಳದೆ ಇದ್ದದ್ದು ಅವನನ್ನು ಮತ್ತಷ್ಟು ಕೊಂದಿತು.

ಮೆಟ್ಟಿಲು ಹತ್ತಿ, ಬಾಗಿಲು ತೆರೆದು, ಮುತ್ತಣ್ಣ ಒಳಗೆ ಹೋಗಿ ಹೊಸ್ತಿಲಿಗೆ ಅಡ್ಡವಾಗಿ ನಿಂತುಬಿಟ್ಟ.

‘ಒಳಗ ಕಾಲಿಡೂಕ್ಕಿಂತ ಮೊದಲ ಒಂದು ಮಾತು. ಇದು ನಮ್ಮ ಮನಿ ಅಲ್ಲ ಗಂಗಾ. ಬಾಡಿಗಿದು. ನಾ ಅಂದಿದ್ದು ಹಲಿಗಿ ಡಬ್ಬಿ, ನೀ ಮಾಡ ಅಂತ ತಿಳಕೊಂಡಿ. ತಿಳದ ಮ್ಯಾಲೂ ನಾ ಬಾಯಿ ಮುಚ್ಚಿಕೊಂಡು ಕುಂತೆ. ತಪ್ಪು ನಂದು.’

ಗಂಗಾ ಅವನ ಹೆಗಲ ಮೇಲಿನಿಂದ ಒಳಗಿನ ಪೆಟ್ಟಿಗೆಗಳನ್ನು ನೋಡಿದಳು. ‘ಗೊತ್ತೈತಿ’ ಎಂದಳು.

‘ಯಾವಾಗಿಂದ?’

‘ಸಕ್ಕರಿ ಹಂಚಿದ ದಿನಾನ. ಸಂಜಿಗೆ ನೀವಂದ ಮಾತು ಹೇಳಿದ್ರ, ಅಕ್ಕನ ಮಗಳು ಫೋನಿನಾಗ ಚಿತ್ರ ತೋರಿಸಿದ್ಲು, ಮಾಡ್ಯುಲರ್ ಅಂದ್ರ ಇದ ಚಿಗವ್ವ ಅಂತ.’

‘ಮತ್ತ ಬಂದೀಯಲ್ಲ!’

‘ಇನ್ನೇನ್ ಮಾಡ್ಲಿ? ಬಸ್ ಸ್ಟ್ಯಾಂಡಿನಾಗ ಅಷ್ಟು ಮಂದಿ ಮುಂದ ಅಂದ ಮಾತು. ಯಾವ ಮಾರಿ ಹೊತ್ತುಕೊಂಡು ಹೊಂಡಬೇಕಿತ್ತು? ಗಂಡ ಮನಿ ಕಟ್ಟಿಸ್ಯಾನ ಅಂತ ಊರ ನಂಬಿತ್ತು. ಅಲ್ಲ ಅಂತ ನಾನ್ಯಾಕ ಹೇಳ್ಲಿ? ಆ ಹುಡುಗಿಗೂ ಬಾಯಿ ಮುಚ್ಚು ಅಂದೆ, ಬಸ್ ಹತ್ತಿದೆ.’

ಮುತ್ತಣ್ಣನಿಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ‘ಆರು ವರ್ಷ, ಗಂಗಾ! ಮನಿ ಕಟ್ಟೋ ತನಕ ಬರಂಗಿಲ್ಲ ಅಂದಾಕಿ ನೀನ.’

‘ಸಿಟ್ಟಿನಾಗ ಅಂದೆ. ಎಂಟು ದಿನದಾಗ ಸಿಟ್ಟು ಇಳದಿತ್ತು. ದಿನಾ ಸಂಜಿ ಫೋನ್ ಬರೋ ಹೊತ್ತಿಗೆ ಕೈಯಾಗಿನ ರೊಟ್ಟಿ ಬಿಟ್ಟು ಕೂಡ್ತಿದ್ದೆ. ಇವತ್ತ ಅಂತಾರ, ನಾಳಿ ಅಂತಾರ ಅಂತ. ಮನಿ ಆಗ್ಲಿ ಕರಕೊಂಡು ಬರ್ತೀನಿ ಅಂದ್ರಿ. ಒಂದ ಒಂದು ದಿನ ಬರೇ ಬಾ ಅನ್ನಲಿಲ್ಲ.’

ಮುತ್ತಣ್ಣ ನೆನಪು ಮಾಡಿಕೊಂಡ. ಆರು ವರ್ಷದ ಸಂಜೆಗಳನ್ನೆಲ್ಲ ತಡಕಿದ. ನಿಜ, ಅಂದಿರಲಿಲ್ಲ. ಅವಳ ಮಾತಿಗೆ ಬೆಲೆ ಕೊಡುತ್ತಿದ್ದೇನೆಂದು ಹೆಮ್ಮೆಯಿಂದ ಇದ್ದ. ಆ ಬೆಲೆಯನ್ನು ಅವಳು ಯಾವತ್ತೂ ಕೇಳಿರಲೇ ಇಲ್ಲ.

‘ಈಗರೆ ಅನ್ರಿ,’ ಎಂದಳು ಗಂಗಾ. ಸೊಂಟದ ಮೇಲೆ ಹಿಟ್ಟಿನ ಚೀಲ, ಕಾಲು ಇನ್ನೂ ಹೊಸ್ತಿಲ ಆಚೆ.

‘ಬಾ’ ಎಂದ. ಅದು ಸರಿಯಾಗಿ ಹೊರಡಲಿಲ್ಲ.

‘ಕೇಳಸಲಿಲ್ಲ.’

ಮುತ್ತಣ್ಣ ಕಣ್ಣೊರೆಸಿಕೊಂಡು, ಎದುರಿಗೇ ನಿಂತಿದ್ದ ಹೆಂಡತಿಯನ್ನು ಕೆಳಗಿನ ಮನೆಯವರಿಗೂ ಕೇಳುವಷ್ಟು ಜೋರಾಗಿ ಇನ್ನೊಮ್ಮೆ ಕರೆದ.